ಹೊಸ್ತಿಲಾಗಿದ್ದ ಹಲಗೆ

ನಾನು ಈಗ ಮೊಳದುದ್ದದ ಒಂದು ಹಲಗೆ. ಮೊದಲು ಹೊಸ್ತಿಲಾಗಿದ್ದೆ. ಘಟಪ್ರಭೆಯ ದಂಡೆಯ ಊರೊಂದರಲ್ಲಿ ಮೌನೇಶ ಬಡಿಗೇರ ಸಾಗವಾನಿ ದಿಮ್ಮಿ ಕೆತ್ತಿ ನನ್ನನ್ನು ಮಾಡಿದ. ಕೂರಿಸುವಾಗ ಕೆಳಗೆ ನವಧಾನ್ಯ ಹಾಕಿ, "ದಾಟ್ರಿ, ತುಳೀಬ್ಯಾಡ್ರಿ" ಅಂದ. ಆ ಮನೆಯವರು ಹಾಗೆಯೇ ನಡೆದುಕೊಂಡರು.

ನಿಂಬೆವ್ವ ಆ ಮನೆಗೆ ಸೊಸೆಯಾಗಿ ಬಂದಳು. ದಿನಾ ಬೆಳಿಗ್ಗೆ ನನಗೆ ಅರಿಷಿಣ ಬಳಿಯುವವಳು ಅವಳೇ. ಆ ಅರಿಷಿಣ ನನ್ನ ನಾರಿನೊಳಗೆ ಇಳಿದು ಕೂತಿತು.

ಅವಳ ಮಗಳು ಕಸ್ತೂರಿ ಇನ್ನೂ ಸಾಲಿಗೆ ಹೋಗದ ಕೂಸು. ಹೊಳೆಗೆ ಹೋದದ್ದು ತಿರುಗಿ ಬರಲಿಲ್ಲ. ದಿನಕರ್ಮ ಎಲ್ಲ ಮುಗಿದ ಮೇಲೆ ಒಂದು ಸಂಜೆ ಅಂಗಳದಲ್ಲಿ ಪುಟ್ಟ ಒದ್ದೆ ಹೆಜ್ಜೆಗಳು ಮೂಡಿದವು. ನನ್ನವರೆಗೆ ಬಂದು ನಿಂತವು. ಕಾಲು ಕಾಣಲಿಲ್ಲ. ನೀರು ಮಾತ್ರ.

ಒಳಗೆ ತೊಟ್ಟಿಲಲ್ಲಿ ಹಸುಗೂಸು ಸಂಗಪ್ಪ ಇದ್ದ. ತೀರಿಹೋದವರು ಹೊಸ್ತಿಲು ದಾಟಿದರೆ ಇನ್ನೊಬ್ಬರನ್ನು ಕರೆದುಕೊಂಡೇ ಹೋಗುತ್ತಾರೆ ಅಂತ ಹಿರಿಯರ ಮಾತು. ನಿಂಬೆವ್ವ ನನ್ನ ಈಚೆ ಕೂತಳು. "ಅಲ್ಲೇ ಕುಂಡ್ರವ್ವಾ, ಒಳಗ ಬರಬ್ಯಾಡ. ತಮ್ಮ ಮಲಗ್ಯಾನ" ಅಂದು ಆಚೆ ಒಂದು ತುಂಡು ರೊಟ್ಟಿ ಇಟ್ಟಳು. ಆಮೇಲೆ ದಿನಾ ಸಂಜೆ ಹೀಗೇ. ನಡುವೆ ನಾನು.

ಸಂಗಪ್ಪ ಬೆಳೆದ. ಆಣೆಕಟ್ಟಿನ ಹಿನ್ನೀರು ಊರೊಳಗೆ ಬಂತು. ಜನ ಬಾಗಿಲು, ಕಂಬ, ತೊಲೆ ಎಲ್ಲ ಕಿತ್ತು ಮಾರಿದರು. ನನ್ನನ್ನು ಕೀಳುವಾಗ ನಿಂಬೆವ್ವ, "ಇನ್ನ ಕೂಸು ಎಲ್ಲಿಗಿ ಬರಬೇಕು?" ಅಂದಳು. ನನ್ನನ್ನು ಬಂಡಿಗೆ ಹೇರಿದರು.

ಕಟ್ಟಿಗೆ ಅಡ್ಡೆಯಲ್ಲಿ ಬಹಳ ಕಾಲ ಬಿದ್ದಿದ್ದೆ. ಆಮೇಲೆ ಸೀಳಿದರು, ಹೆರೆದರು, ಪಾಲಿಶ್ ಹಚ್ಚಿದರು. ಮನೆಗೆ ನೆಲ ಹಾಕುವ ಅಂಗಡಿಯ ಸ್ಯಾಂಪಲ್ ತುಂಡಾದೆ. ಅಂಗಡಿಯವನ ಚೀಲದಲ್ಲಿ ನನ್ನ ಜೊತೆ ವಿನೈಲ್ ಎಂಬ ಪ್ಲಾಸ್ಟಿಕ್ ನೆಲಹಾಸಿನ ಒಂದು ತುಂಡು. ಅದರ ಮೈಮೇಲೆ ಮರದ ಚಿತ್ರ. ಅದರಲ್ಲಿ ಕಣ್ಣಿನಂಥ ಒಂದು ಗಂಟು, ಗೇಣು ಬಿಟ್ಟು ಮತ್ತೆ ಅದೇ ಗಂಟು. ಎಲ್ಲೂ ಬೆಳೆಯದ ಮರ ಅದು.

ಮನೆಮನೆಯಲ್ಲೂ ಜನ ನನ್ನನ್ನು ತುಳಿದರು. ತುಳಿದವರು, "ಇದೇನ್ರಿ, ಹಸಿ ಹತ್ತತೈತಿ?" ಅಂದು ಕಾಲು ತೆಗೆದರು. ಎಲ್ಲರೂ ವಿನೈಲನ್ನೇ ಆರಿಸಿದರು.

ಕಡೆಗೆ ಒಂದು ಹೊಸ ಮನೆ. ಅದು ಸಂಗಪ್ಪನದು. ತಲೆ ನರೆತಿತ್ತು. ಗೋಡೆ ಬದಿಯ ಕುರ್ಚಿಯಲ್ಲಿ ಹಣ್ಣಾದ ನಿಂಬೆವ್ವ.

"ಕಟ್ಟಿಗಿ ಅಂದ್ರ ಕಟ್ಟಿಗೀನ. ಎಷ್ಟು ಚಂದ ಕಾಣ್ತೈತಿ!" ಅಂದ ಸಂಗಪ್ಪ.

"ವರಸೋರು ನೀವೇನು?" ಅಂದಳು ಹೆಂಡತಿ ದ್ರಾಕ್ಷಾಯಿಣಿ. "ನಿಮ್ಮ ಮೊಮ್ಮಕ್ಕಳು ದಿನಾ ಕೊಡಗಟ್ಟಲೆ ನೀರು ಚೆಲ್ತಾವ."

"ವಿನೈಲಿಗೆ ನೀರಿನಿಂದ ಏನೂ ಆಗಂಗಿಲ್ರಿ ಅಕ್ಕಾರ" ಅಂದ ಅಂಗಡಿಯವ, ಎರಡರ ಮೇಲೂ ತಂಬಿಗೆ ನೀರು ಸುರಿದ. ವಿನೈಲಿನ ಮೇಲಿನ ನೀರು ಜಾರಿಹೋಯಿತು. ನಾನು ಕುಡಿದೆ. ಕಪ್ಪಾದೆ. ಒಳಗಿದ್ದ ಅರಿಷಿಣ ಮೇಲೆ ಬಂತು.

"ಅತ್ತಿ, ಕಾಲಿಟ್ಟು ನೋಡ್ರಿ."

ನಿಂಬೆವ್ವ ಕಾಲೆತ್ತಿದಳು. ಇಡಲಿಲ್ಲ. ಬಗ್ಗಿ ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. "ಇದು ನಮ್ಮ ಹೊಸ್ತಲ."

"ಹಂಗಾರ ತಲಬಾಗಲಾಗ ಕೂಡಸ್ತೀನಿ ಯವ್ವಾ."

"ಬಾಗಲಾಗ ಬ್ಯಾಡ. ನನ್ನ ಮಂಚದ ಮಗ್ಗಲಾಗ ನೆಲಕ್ಕ ಹಾಕಸು. ನೀ ದೊಡ್ಡಾವ ಆದಿ. ಕೂಸಿನ್ನ ತಡದದ್ದು ಸಾಕು."

ಮನೆ ತುಂಬ ವಿನೈಲ್ ಆಯಿತು. ಕೋಣೆಕೋಣೆಯ ನೆಲದಿಂದ ಅದೇ ಕಣ್ಣು ಮೇಲಕ್ಕೆ ನೋಡುತ್ತಿತ್ತು. ಮಂಚದ ಪಕ್ಕ ಮಾತ್ರ ನಾನು.

ಒಂದು ಸಂಜೆ ಬಾಗಿಲ ಕಡೆಯಿಂದ ಒದ್ದೆ ಹೆಜ್ಜೆಗಳು ಬಂದವು. ಆ ಕಣ್ಣುಗಳನ್ನು ತುಳಿಯುತ್ತ ಬಂದು, ನನ್ನ ಹತ್ತಿರ ನಿಂತವು. ಹಳೆಯ ರೂಢಿ.

ನಿಂಬೆವ್ವ ಗೋಡೆಯ ಕಡೆ ಸರಿದು ಜಾಗ ಮಾಡಿದಳು. "ಬಾ ನನ್ನವ್ವಾ. ಕರಕೊಂಡು ಹೋಗೂದಿದ್ರ ನನ್ನ ಕರಕೊಂಡು ಹೋಗು."

ಪುಟ್ಟ ಕಾಲು ನನ್ನನ್ನು ತುಳಿಯಿತು. ತಣ್ಣಗಿತ್ತು. ಬಹಳ ಹಗುರ.

ದೀಪ ಹಚ್ಚಲು ಬಂದ ದ್ರಾಕ್ಷಾಯಿಣಿ ಚೀರಿದಳು. ಅವಳತ್ತೆಯ ಉಸಿರು ನಿಂತಿತ್ತು. ಮಲಗಿದಲ್ಲೇ ಮಲಗಿದ್ದಳು, ಅಂಗಾಲು ಮಾತ್ರ ಒದ್ದೆ.

ಮಂಚ ಈಗ ಇಲ್ಲ. ವಿನೈಲನ್ನು ಒರೆಸಿದರು, ಅದು ಒಂದೇ ಸಲಕ್ಕೆ ಮರೆಯಿತು. ನನ್ನ ಮೇಲಿನ ಕಲೆಯನ್ನು ದ್ರಾಕ್ಷಾಯಿಣಿ ಸೋಪು ಹಚ್ಚಿ ತಿಕ್ಕುತ್ತಾಳೆ, ಹೋಗುವುದಿಲ್ಲ. ಒಳಗೆ ಬಂದ ಒಂದು ಪುಟ್ಟ ಹೆಜ್ಜೆ. ಅದರ ಪಕ್ಕದಲ್ಲಿ ಬಾಗಿಲ ಕಡೆ ಬೆರಳು ಮಾಡಿದ ಒಂದು ದೊಡ್ಡ ಹೆಜ್ಜೆ. ಜೀವಮಾನದಲ್ಲಿ ಎಂದೂ ನನ್ನನ್ನು ತುಳಿಯದವಳದು.