ಹಾಕದೆ ಬಿಟ್ಟ ಟಿಕ್

ನನ್ನ ಸೊಸೆ ತೃಪ್ತಿಗೆ ಊಟವೆಲ್ಲ ರಕ್ತನಾಳದ ಮೂಲಕ. ಕರುಳನ್ನು ಬಹುಪಾಲು ಕತ್ತರಿಸಿ ತೆಗೆದ ಮೇಲೆ, ಚೆನ್ನೈ ವೇಲಚೇರಿಯ ನಮ್ಮ ಫ್ಲ್ಯಾಟಿನಲ್ಲಿ ದಿನಾ ಬೆಳಿಗ್ಗೆ ಅವಳಿಗೆ ಪೋಷಣೆಯ ಚೀಲ ಏರಿಸಬೇಕು. ಏರಿಸುವ ಮುಂಚೆ ಅದಕ್ಕೆ ಇನ್ಸುಲಿನ್ ಸೇರಿಸುವುದು ನನ್ನದೋ, ಮಗ ಪ್ರಮೋದನದೋ ಕೆಲಸ. ಹಾಕಿದವರು ಆ ಕ್ಷಣವೇ ಗೋಡೆಯ ಚೀಟಿಯಲ್ಲಿ ಟಿಕ್ ಮಾಡಬೇಕು ಎಂದು ಆಸ್ಪತ್ರೆಯ ನರ್ಸಮ್ಮ ನೂರು ಸಲ ಹೇಳಿದ್ದಳು. ಈ ಭೀಮಾಬಾಯಿಗೆ ಯಾರೂ ಪಾಠ ಹೇಳಬೇಕಿಲ್ಲ ಎಂಬ ಜಂಭ ನನಗೆ.

ಅವತ್ತು ದ್ವಾದಶಿ. ಏಕಾದಶಿಯ ಉಪವಾಸ ಬಿಡುವ ಪಾರಣೆಗೆ ಹೊತ್ತಾಗುತ್ತಿತ್ತು. ಚೀಲಕ್ಕೆ ಇನ್ಸುಲಿನ್ ಹಾಕಿದೆ, ಟಿಕ್ ಮಾಡಲು ಪೆನ್ನು ಕಾಣಲಿಲ್ಲ, ಆಮೇಲೆ ನೋಡಿಕೊಂಡರಾಯಿತು ಎಂದು ಸ್ನಾನಕ್ಕೆ ಓಡಿದೆ. ಹೊರಬಂದರೆ ಮಡಿ. ಪೆನ್ನು ಮುಟ್ಟಿದರೆ ಮತ್ತೆ ತಲೆಗೆ ನೀರು. ಕೂಗಿ ಹೇಳಬಹುದಿತ್ತು, ಬಾಯಿಗೇನು ಮೈಲಿಗೆ? ಆದರೆ ಒಲೆಯ ಮೇಲೆ ಬೇಳೆ ಉಕ್ಕುತ್ತಿತ್ತು, ನನಗೆ ಅದೇ ದೊಡ್ಡದಾಯಿತು.

ಪ್ರಮೋದ ಎದ್ದು ಬಂದು ಚೀಟಿ ನೋಡಿದ. ಟಿಕ್ ಇರಲಿಲ್ಲ. ಅವನೂ ಇನ್ಸುಲಿನ್ ಹಾಕಿ ಚೀಲ ಏರಿಸಿದ.

ಎರಡು ಗಂಟೆಯಲ್ಲಿ ತೃಪ್ತಿ ಬೆವೆತು ತೊಯ್ದು, ಮಾತು ತೊದಲಿ, ಕಣ್ಣು ಮೇಲೆ ಮಾಡಿದಳು. ರಕ್ತದ ಸಕ್ಕರೆ ಮೂವತ್ತೆಂಟಕ್ಕೆ ಇಳಿದಿತ್ತು. ಆಂಬ್ಯುಲೆನ್ಸು, ಆಸ್ಪತ್ರೆ, ಗ್ಲೂಕೋಸು. ದೇವರ ದಯೆ, ಬದುಕಿದಳು.

ಇನ್ಸುಲಿನ್ ಹೆಚ್ಚಾಗಿದೆ ಎಂದರು ಡಾಕ್ಟರು. ಪ್ರಮೋದ ಗೋಡೆಗೆ ಹಣೆ ಆನಿಸಿ, "ಅಳತೆಯಲ್ಲಿ ನಾನೇ ತಪ್ಪಿದೆ," ಎಂದು ಅತ್ತ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅದನ್ನೂ ಮಾಡದೆ ತುಳಸಿಮಣಿ ಎಣಿಸುತ್ತ ಕೂತೆ. ಹೇಳಿದರೆ ಸೊಸೆಯನ್ನು ನೋಡಿಕೊಳ್ಳುವ ಅತ್ತೆ ಎಂಬ ಹೆಸರು ಹೋಗುತ್ತದಲ್ಲ! ನಾಚಿಕೆಯಾಗಬೇಕು ನನಗೆ.

ಮೂರನೆಯ ದಿನ ತೃಪ್ತಿ ಗಂಡನ ಕೈ ಹಿಡಿದು, "ವೀಟ್ಟುಕ್ಕು ಪೋಲಾಂ," ಎಂದಳು. ಚೆನ್ನೈಯಲ್ಲೇ ಬೆಳೆದವಳು, ಮನೆಗೆ ಹೋಗೋಣ ಎನ್ನುವುದೂ ತಮಿಳಿನಲ್ಲೇ.

ಪ್ರಮೋದ ಕೈ ಬಿಡಿಸಿಕೊಂಡ. "ಬೇಡ. ನನ್ನ ಕೈ ನಂಬಬೇಡ. ನೀ ಇಲ್ಲೇ ಇರು."

ಅವಳ ಮುಖ ಬಾಡಿದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ನಿನ್ನ ಕೈ ಸರಿಯಾಗೇ ಇದೆಯಪ್ಪಾ. ಅವತ್ತು ಮೊದಲು ನಾನೇ ಹಾಕಿದ್ದೆ. ಟಿಕ್ ಮಾಡಲಿಲ್ಲ. ಮಡಿಯಲ್ಲಿದ್ದೆ."

ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಆತುರದಲ್ಲಿ ಮರೆತುಹೋಗತ್ತೆ, ಬಿಡಮ್ಮಾ," ಎಂದ. ಆಮೇಲೆ ಮೆಲ್ಲಗೆ ಕೇಳಿದ, "ಮೂರು ದಿನ ನಾ ಅಳೋದನ್ನ ನೋಡ್ತಾ ಹೇಗೆ ಕೂತಿದ್ದೆ?"

ತೃಪ್ತಿಯತ್ತ ತಿರುಗಿದೆ. ಅವಳೂ ನನ್ನ ಉತ್ತರಕ್ಕೇ ಕಾಯುತ್ತಿದ್ದಳು.