ಕಿವುಡು ಪೆಟ್ಟಿಗೆ

ನಾನೊಂದು ಸ್ಪೀಕರ್ ಪೆಟ್ಟಿಗೆ, ಅದೂ ಮುಚ್ಚಿದ ಪೆಟ್ಟಿಗೆ. ಹುಬ್ಬಳ್ಳಿಯ ಬಡಿಗ ಮೌನೇಶಪ್ಪ ಪ್ಲೈವುಡ್ ಹಲಗೆಗಳನ್ನು ಜೋಡಿಸಿ, ಒಳಗೆ ಹದವಾಗಿ ಹತ್ತಿ ತುಂಬಿ, ಸೂಜಿಮೊನೆಯಷ್ಟೂ ಸಂದಿಲ್ಲದಂತೆ ಅಂಟು ಹಾಕಿದ. "ಇದರಾಗಿನ ಗಾಳಿ ಇದರಾಗ ಇರಬೇಕು. ಯಾರೂ ಬಿಚ್ಚಬ್ಯಾಡ್ರಿ" ಎಂದ. ನಾನು ಕಂಡವರಲ್ಲಿ ಬುದ್ಧಿಯಿದ್ದವನು ಅವನೊಬ್ಬನೇ.

ನನ್ನನ್ನು ಕೊಂಡ ಬ್ಯಾಂಕ್ ಮ್ಯಾನೇಜರರು ಹನ್ನೊಂದು ವರ್ಷ ನನ್ನ ತಲೆಯ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ ಇಟ್ಟು ವಾರ್ತೆ ಕೇಳಿದರು. ವರ್ಗವಾದಾಗ ಗದಗಿನಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವ ಮಡಿವಾಳಯ್ಯನಿಗೆ ಕೊಟ್ಟು ಹೋದರು. ಸದ್ಯ, ಸಂಗೀತ ಬಲ್ಲವನ ಕೈಸೇರಿದೆ ಎಂದು ಹಿಗ್ಗಿದೆ. ನನ್ನ ದಡ್ಡತನಕ್ಕೆ ಈಗ ನನಗೇ ನಗು ಬರುತ್ತದೆ.

ಅವನು ನನ್ನಲ್ಲಿ ತಂಬೂರಿಯ ಶ್ರುತಿ ಹಾಕಿಕೊಂಡು, ಅದಕ್ಕೆ ಸರಿಯಾಗಿ ಹಾರ್ಮೋನಿಯಂನ ರೀಡುಗಳನ್ನು ಅರದಿಂದ ಉಜ್ಜಿ ಕೂಡಿಸುತ್ತಿದ್ದ. ಅವನ ಕಿವಿಗೆ ಸುತ್ತಲ ಊರುಗಳಲ್ಲೆಲ್ಲ ಹೆಸರಿತ್ತು. ಆ ಹೆಸರೇ ಅವನ ಅನ್ನ. ನಾಲ್ಕಾರು ವರ್ಷ ನೆಟ್ಟಗೆ ನಡೆಯಿತು. ಆಮೇಲೊಂದು ದಿನ, "ಈ ಪೆಟ್ಟಿಗ್ಯಾಗ ಮ್ಯಾಲಿನ ಸಣ್ಣ ಸ್ವರ ಸತ್ತಾವ" ಎಂದು ಸ್ಕ್ರೂಡ್ರೈವರ್ ತಂದ.

ಹಾರ್ಮೋನಿಯಂನವರ ರೋಗವೇ ಇದು. ಏನೇ ಕೆಟ್ಟರೂ ಒಳಗೇ ಕೆಟ್ಟಿರಬೇಕು, ಬಿಚ್ಚಿದರೆ ಸರಿಹೋಗಬೇಕು. ಹತ್ತಿ ಸ್ವರ ನುಂಗುತ್ತಿದೆ ಎಂದು ಹತ್ತಿ ಕಿತ್ತ. ನಾನು ಬರಿಗೊಡದ ಹಾಗೆ ಗುಮ್ಮೆಂದೆ. ಮತ್ತೆ ಅದನ್ನೇ ದಿಂಬಿಗೆ ತುರುಕಿದಂತೆ ತುರುಕಿದ. ಗಾಳಿ ಸೋರುತ್ತಿದೆ ಎಂದು, ಹಾರ್ಮೋನಿಯಂಗೆ ಗಾಳಿ ಊದುವ ತಿದಿಯ ಮೂಲೆಗೆ ಹಚ್ಚುವ ಮೇಕೆಚರ್ಮವನ್ನು ನನ್ನ ಒಳಮೂಲೆಗಳಿಗೆ ಅಂಟಿಸಿದ. ಮೌನೇಶಪ್ಪನ ಕೆಲಸಕ್ಕೆ ಇವನ ತೇಪೆ. ನನ್ನ ಸಣ್ಣ ಸ್ವರಗಳು ಬೀದಿಯ ಆಚೆಗೂ ಕೇಳುತ್ತಿದ್ದವು, ಮೂರು ಮೊಳ ದೂರದಲ್ಲಿ ಕುಳಿತ ಅವನಿಗೆ ಮಾತ್ರ ಮುಟ್ಟುತ್ತಿರಲಿಲ್ಲ. "ಊಟಕ್ಕ ಬರ್ರಿ" ಎಂದು ಹೆಂಡತಿ ನೀಲವ್ವ ಮೂರು ಸಲ ಕೂಗಿದರೂ ತಿರುಗದ ಮಹಾನುಭಾವ, ನನ್ನನ್ನು ಕಿವುಡು ಪೆಟ್ಟಿಗೆ ಎಂದು ಕರೆಯುತ್ತಿದ್ದ.

ಕೊನೆಗೆ ಸಂಗೀತ ಪಾಠ ಹೇಳುವ ವಿಮಲಾಬಾಯಿ, ಅವನು ಕೂಡಿಸಿಕೊಟ್ಟಿದ್ದ ತನ್ನ ಹಾರ್ಮೋನಿಯಂ ಮರಳಿ ತಂದಳು.

"ಅಜ್ಜಾರ, ಮ್ಯಾಲಿನ ಸಪ್ತಕ ಕೂಡವಲ್ದು."

"ಪೆಟ್ಟಿಗಿ ಕೆಟ್ಟೈತವ್ವ. ಇದನ್ನ ನಂಬಿ ನನ್ನ ಕಿವಿ ಮೋಸ ಹೋತು. ನೀನ ಕೇಳಿ ನೋಡು" ಎಂದು ಶ್ರುತಿ ಹಾಕಿದ.

ಅಷ್ಟೆಲ್ಲ ಕುಲಗೆಡಿಸಿದ್ದರೂ ಮೇಲಿನ ಸ್ವರಗಳನ್ನು ಚೊಕ್ಕವಾಗಿ ನುಡಿದೆ. ಇವತ್ತು ಇವನ ಬಣ್ಣ ಬಯಲಾಗಲಿ ಎಂದೇ ನುಡಿದೆ. ವಿಮಲಾಬಾಯಿಗೆ ಎಲ್ಲ ತಿಳಿಯಿತು. ನನ್ನನ್ನು ನೋಡಿದಳು, ಅವನ ಮುಖ ನೋಡಿದಳು. ಅವನು ತುಟಿ ಕಚ್ಚಿಕೊಂಡು ಕಾಯುತ್ತಿದ್ದ.

"ಖರೇರಿ ಅಜ್ಜಾರ, ಪೆಟ್ಟಿಗೀದ ತಪ್ಪು" ಎಂದಳು.

ಇಂಥ ಸುಳ್ಳನ್ನು ನಾನು ವಾರ್ತೆಯಲ್ಲೂ ಕೇಳಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

ಈಗ ಅವನು ತಿದಿಗಳಿಗೆ ತೇಪೆ ಮಾತ್ರ ಹಾಕುತ್ತಾನೆ. ಶ್ರುತಿ ಕೂಡಿಸಲು ಬಂದವರಿಗೆ ಮೂಲೆಯಲ್ಲಿ ಕುಳಿತ ನನ್ನನ್ನು ತೋರಿಸಿ, "ಪೆಟ್ಟಿಗಿ ಕೆಟ್ಟೈತಿ, ಇಲ್ಲಂದ್ರ ಮಾಡಿಕೊಡ್ತಿದ್ದೆ" ಎನ್ನುತ್ತಾನೆ. ಅವರು ನನ್ನ ಕಡೆ ತಾತ್ಸಾರದಿಂದ ನೋಡಿ ಹೋಗುತ್ತಾರೆ. ಅವನ ಮೇಲೆ ನನಗೆ ಗೌರವವೇನೂ ಹುಟ್ಟಿಲ್ಲ. ನನ್ನೊಳಗೆ ಕೈಹಾಕಿದ್ದನ್ನು ನಾನು ಮರೆತೂ ಇಲ್ಲ. ಆದರೆ ನನಗೆ ಎರಡು ತಂತಿ ಸಿಗಿಸಿದರೆ ಸಾಕು, ಕೆಟ್ಟದ್ದು ನಾನಲ್ಲ ಎಂಬ ನಿಜ ಹೊರಗೆ ಬೀಳುತ್ತದೆ. ಅವನಿರುವ ತನಕ ಅವನ್ನು ಯಾರೂ ಸಿಗಿಸದಿರಲಿ.