ಮೊಲಕ್ಕಿಂತ ಮೇಲೆ ಕೂತವರು

ಕಿವಿ ಹರಿದ ಬಿಳಿ ಮೊಲ ಅಂದೂ ತನ್ನ ಗೂಡಿನಲ್ಲಿರಲಿಲ್ಲ. ಹೆದರ್ ಎಂಬ ಕುರುಚಲು ಪೊದೆಯ ಬುಡದಲ್ಲಿ ಅದು ಒತ್ತಿ ಕೂರುತ್ತಿದ್ದ ಕುಳಿಯಲ್ಲಿ ಮಂಜು ಗಟ್ಟಿಯಾಗಿತ್ತು. ಇಶ್ಬೆಲ್ ದುರ್ಬೀನು ಇಳಿಸಿ ಕಣ್ಣೊರೆಸಿಕೊಂಡಳು. ಗಂಡ ಹೋದ ಮೇಲಿನ ಚಳಿಗಾಲಗಳನ್ನೆಲ್ಲ ಅವಳು ಕಳೆದದ್ದು ಆ ಮೊಲವನ್ನು ನೋಡುತ್ತ.

ಕೊಂದವನು ಲಾಕ್ಲನ್ನನೇ. ಅನುಮಾನವೇ ಬೇಡ. ಆ ಗುಡ್ಡಗಳಲ್ಲಿ ಶ್ರೀಮಂತರ ಬೇಟೆಗೆಂದು ಗ್ರೌಸ್ ಹಕ್ಕಿಗಳನ್ನು ಕಾಯುವವನು ಅವನು. ಮೊಲದ ಮೈಯಲ್ಲಿ ರಕ್ತ ಹೀರುವ ಉಣ್ಣಿಗಳಿಂದ ಹಕ್ಕಿಗಳಿಗೆ ರೋಗ ಎಂದು ಅವನ ಕಡೆಯವರು ಹಿಂದೆ ಮೊಲಗಳನ್ನು ರಾಶಿಗಟ್ಟಲೆ ಹೊಡೆಯುತ್ತಿದ್ದರು. ಈಗ ಕಾನೂನು ಬಿಡುವುದಿಲ್ಲ, ಆದರೆ ಗುಡ್ಡದ ಮೇಲೆ ಕಾನೂನನ್ನು ಕಂಡವರಾರು? ಹಿಮ ಕರಗಿ ಗುಡ್ಡ ಕಂದುಬಣ್ಣಕ್ಕೆ ತಿರುಗಿದರೂ, ಚಳಿಗಾಲಕ್ಕೆಂದು ಬಿಳಿಯಾದ ಮೊಲದ ಮೈ ಇನ್ನೂ ಬೆಳ್ಳಗೇ. ಗುರಿಯಿಡಲು ಇನ್ನೇನು ಬೇಕು? ಮೊದಲ ಗುಂಡಿನ ಸದ್ದು ಕೇಳಿದಂದಿನಿಂದ ಇಶ್ಬೆಲ್ ತಾನು ಸದಾ ಕೂರುತ್ತಿದ್ದ ಕೆಳಗಿನ ಚಪ್ಪಟೆ ಬಂಡೆ ಬಿಟ್ಟು, ಅವನ ಮೇಲೆ ಕಣ್ಣಿಡಲು ಗುಡ್ಡದ ನೆತ್ತಿಯಲ್ಲೇ ಕೂರುತ್ತಿದ್ದಳು.

ಮನೆಗೆ ಬಂದಾಗ ಲಾಕ್ಲನ್ ಎಂದಿನಂತೆ ಅವಳ ಬಾಗಿಲ ಬಳಿ ಸೌದೆ ಜೋಡಿಸುತ್ತಿದ್ದ. ಅವಳ ಶಾಲೆಯಲ್ಲೇ ಓದಿದ ಹುಡುಗ, ಈಗ ಗಡ್ಡ ನರೆತಿತ್ತು.

"ಎತ್ಕೊಂಡು ಹೋಗು ನಿನ್ನ ಸೌದೆನ. ನಾಳೆ ಪೊಲೀಸರಿಗೆ ಫೋನ್ ಮಾಡ್ತೀನಿ," ಎಂದಳು.

"ಸೌದೆ ಕದ್ದಿದ್ದಲ್ಲ ಟೀಚರ್."

"ಹಲ್ಲು ಕಿರೀಬೇಡ. ನನ್ನ ಮೊಲ ಎಲ್ಲಿ? ಗುಂಡು ಹಾರಿಸ್ಲಿಲ್ವಾ ನೀನು?"

"ಹಾರಿಸ್ದೆ. ನರಿಗೆ. ಅದೂ ತಪ್ಪಿಸ್ಕೊಳ್ತು, ಊರೆಲ್ಲ ನಗ್ತಿದೆ. ಬನ್ನಿ, ತೋರಿಸ್ತೀನಿ."

ಅವಳು ನಂಬಲಿಲ್ಲ, ಆದರೂ ಹೋದಳು. ಜಾರುವಲ್ಲಿ ಅವನು ಮೊಣಕೈ ಚಾಚಿದ. ಅವಳು ಹಿಡಿಯಲಿಲ್ಲ. ಹಳೆಯ ಚಪ್ಪಟೆ ಬಂಡೆಯ ಮೇಲೆ ತನ್ನ ಕೋಟು ಹಾಸಿ ಅವಳನ್ನು ಕೂರಿಸಿದ. ತೊರೆಯಾಚೆಯ ದಿಣ್ಣೆಯಲ್ಲಿ, ಕಲ್ಲೊಂದರ ಮರೆಗೆ, ಬೆಳ್ಳನೆಯದೊಂದು ಮುದ್ದೆ. ದುರ್ಬೀನಿನಲ್ಲಿ ಹರಿದ ಕಿವಿ ಕಾಣಿಸಿತು.

"ಅಲ್ಲಿಗ್ಯಾಕೆ ಹೋಯ್ತು?" ಎಂದಳು ದುರ್ಬೀನು ಇಳಿಸದೆ.

"ಹೆದರಿದ ಮೊಲ ಓಡೋದು ಮೇಲಕ್ಕೆ, ಅದಕ್ಕೇ ನಾವು ಕೆಳಗೆ ಕೂರಬೇಕು ಅಂತ ಶಾಲೇಲಿ ನಮಗೆ ಕಲಿಸಿದ್ದು ಯಾರು? ಈ ಸಲ ಅದರ ದಾರಿಗೆ ಅಡ್ಡವಾಗಿ, ಮೇಲ್ಗಡೆ, ನೀಲಿ ಟೋಪಿಯವರೊಬ್ರು ದಿನಾ ಕೂರ್ತಿದ್ರು."

ಇಶ್ಬೆಲ್ ತಲೆಯ ಮೇಲಿನ ನೀಲಿ ಟೋಪಿಯನ್ನು ಮುಟ್ಟಿಕೊಂಡಳು.

"ನೋಡಿದ್ರೂ ಬಾಯಿ ಬಿಡ್ಲಿಲ್ವಲ್ಲೋ!"

"ನನ್ನ ಮೇಲೇ ಕಣ್ಣಿಡೋಕೆ ಕೂತೋರಿಗೆ ನಾನೇ ಬಂದು ಏನಂತ ಹೇಳ್ಲಿ?"

ತನ್ನ ಮೇಲೆ ಅವಳಿಗೆ ಅನುಮಾನ ಎಂಬುದು ಅವನಿಗೆ ಮೊದಲೇ ಗೊತ್ತಿತ್ತು. ಆದರೂ ಸೌದೆ ಒಂದು ದಿನವೂ ತಪ್ಪಿರಲಿಲ್ಲ. ಅದೂ ಅವಳ ಮುದಿ ಕೈಗೆ ಒಗ್ಗುವಂತೆ ಸಣ್ಣಗೆ ಸೀಳಿದ್ದು. ಇಷ್ಟು ದಿನ ಒಲೆಗೆ ಹಾಕುತ್ತಿದ್ದರೂ ಅವಳು ಅದನ್ನು ಗಮನಿಸಿರಲಿಲ್ಲ.

ಆಚೆ ಮೊಲ ಎದ್ದು ನಿಂತು ಇತ್ತಲೇ ನೋಡಿತು.

"ನಮ್ಮನ್ನಿನ್ನೂ ನಂಬಿಲ್ಲ ಅದು," ಎಂದ ಲಾಕ್ಲನ್ ಪಿಸುದನಿಯಲ್ಲಿ.

"ನಮ್ಮನ್ನಲ್ಲ, ನನ್ನನ್ನ," ಎಂದಳು ಇಶ್ಬೆಲ್. ಟೋಪಿ ತೆಗೆದು ಕೋಟಿನೊಳಗೆ ತುರುಕಿಕೊಂಡು, ಅಲುಗದೆ ಕೂತಳು. ಇಳಿಯುವಾಗ ಅವನು ಚಾಚುವ ಮೊದಲೇ ಅವನ ಮೊಣಕೈ ಹಿಡಿದಳು.